ಗ್ಯಾಸ್ಟ್ರಿಕ್ ಅಂತ ಕೂರುವ ಮುಂಚೆ: ಮಲೆನಾಡಿನ ಹೆಣ್ಣುಮಕ್ಕಳ ಹೃದಯಕ್ಕೊಂದು ಮಾರ್ಗದರ್ಶಿ

“ಎದೆ ಉರಿ ಬಂದರೆ ಅದು ಗ್ಯಾಸ್ಟ್ರಿಕ್ಕೋ ಹೃದಯದ್ದೋ ಅಂತ ಮನೆಯಲ್ಲೇ ಹೇಗೆ ಗುರುತಿಸೋದು?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಂಗಸರೇ ಹೆಚ್ಚು, ಇಲ್ಲವಾದರೆ ಊರಲ್ಲಿರುವ ಅಮ್ಮನ ಚಿಂತೆ ಹತ್ತಿಸಿಕೊಂಡ ಮಕ್ಕಳು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಮನೆಯಲ್ಲಿ ಗುರುತಿಸಲು ಆಗುವುದಿಲ್ಲ. ಇಸಿಜಿ ಮತ್ತು ರಕ್ತಪರೀಕ್ಷೆ ಇಲ್ಲದೆ ನುರಿತ ವೈದ್ಯರೂ ಖಚಿತವಾಗಿ ಹೇಳಲಾರರು.

ಎರಡನೆಯ ಪ್ರಶ್ನೆ, “ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಕಮ್ಮಿ ಅಲ್ವಾ?” ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಹಾರ್ಮೋನು ರಕ್ತನಾಳಗಳಿಗೆ ಒಂದಷ್ಟು ರಕ್ಷಣೆ ಕೊಡುತ್ತದೆ, ನಿಜ. ಆದರೆ ಸಕ್ಕರೆ ಕಾಯಿಲೆ ಇದ್ದರೆ ಆ ರಕ್ಷಣೆ ಬಹುಮಟ್ಟಿಗೆ ಹೋದಂತೆಯೇ. ಜಗತ್ತಿನಲ್ಲಿ ಸಾಯುವ ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಸಾವಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣ. ಬೇರೆ ಯಾವ ಕಾಯಿಲೆಯೂ ಇಷ್ಟು ಹೆಂಗಸರನ್ನು ಕೊಲ್ಲುವುದಿಲ್ಲ.

ನಮ್ಮ ಕಡೆ ಹೊತ್ತು ಎರಡು ಕಡೆ ಕೈತಪ್ಪುತ್ತದೆ. ಮೊದಲು ಮನೆಯೊಳಗೆ: ಅವಳು ಹೇಳುವುದಿಲ್ಲ, ಹೇಳಿದರೂ ಕಷಾಯ ಕುಡಿದು ಮಲಗು ಅನ್ನುತ್ತಾರೆ. ಆಮೇಲೆ ದಾರಿಯಲ್ಲಿ: ಮಳೆ, ಮಣ್ಣುದಾರಿ, ಸಿಗ್ನಲ್ ಇಲ್ಲದ ಫೋನು. ರಸ್ತೆಯನ್ನು ಒಂದು ದಿನದಲ್ಲಿ ಸರಿಮಾಡಲು ನಮ್ಮಿಂದಾಗದು. ಮನೆಯೊಳಗೆ ಕಳೆಯುವ ಹೊತ್ತನ್ನು ಉಳಿಸಬಹುದು, ದಾರಿಗೆ ಮೊದಲೇ ತಯಾರಾಗಿ ಇರಬಹುದು. ಈ ಲೇಖನ ಅದಕ್ಕೆ.

ಬೇಕಾಗುವ ಸಾಮಾನು: ಒಂದು ನೋಟ್‌ಬುಕ್ಕು, ಟೈಲರ್ ಟೇಪು, ತೋಳಿಗೆ ಕಟ್ಟುವ ಬಿಪಿ ಮೆಷಿನ್ (ಸುಮಾರು 2,000 ರೂಪಾಯಿ, ನಾಲ್ಕು ಮನೆ ಸೇರಿ ಒಂದು ಕೊಂಡರೂ ಸಾಕು, ಮಣಿಕಟ್ಟಿಗೆ ಕಟ್ಟುವುದು ಬೇಡ), ಹಳೆಯ ಆಸ್ಪತ್ರೆ ಕಾಗದಗಳು, ಮತ್ತು ಗೋಡೆಗೆ ಅಂಟಿಸಲು ಒಂದು ದಪ್ಪ ಹಾಳೆ.

1. ಹಳೆಯ ಕಾಗದ ಹುಡುಕಿ, ತಾಯಿ ಕಾರ್ಡಿನಿಂದ ಶುರುಮಾಡಿ

ಹೆಣ್ಣಿನ ಹೃದಯದ ಮುನ್ಸೂಚನೆ ಎಷ್ಟೋ ಸಲ ಹೆರಿಗೆಯ ಕಾಗದದಲ್ಲೇ ಇರುತ್ತದೆ. ಮಗುವಿಗೆ ಚುಚ್ಚುಮದ್ದು ಮುಗಿದ ಮೇಲೆ ತಾಯಿ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿಬಿಡುತ್ತೇವೆ. ಅದನ್ನು ಹೊರತೆಗೆದು ಬಸುರಿಯಾಗಿದ್ದಾಗಿನ ಬಿಪಿ ಕಾಲಮ್ಮನ್ನು ಸಾಲುಸಾಲಾಗಿ ನೋಡಿ.

20 ವಾರ ಕಳೆದ ಮೇಲೆ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದದ್ದು ಕಂಡರೆ ಗುರುತು ಹಾಕಿ. ಅದರ ಜೊತೆ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದರೆ ಅದಕ್ಕೆ ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ. ಹಳಬರು ‘ನಂಜು’ ಅನ್ನುತ್ತಿದ್ದದ್ದು ಬಹಳ ಸಲ ಇದನ್ನೇ. ಹೆರಿಗೆ ಆದ ಮೇಲೆ ಬಿಪಿ ಇಳಿಯಿತು, ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿದಿರುವುದಿಲ್ಲ. ಪ್ರಿಎಕ್ಲಾಂಪ್ಸಿಯಾ ಆಗಿದ್ದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಸುಮಾರು ಎರಡು ಪಟ್ಟು. ಬಸುರಿಯಲ್ಲಿ ಶುಗರ್ ಬಂದಿದ್ದವರು ಹೆರಿಗೆಯಾದ 6ರಿಂದ 12 ವಾರದೊಳಗೆ ಒಮ್ಮೆ, ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ ಶುಗರ್ ನೋಡಿಸಲೇಬೇಕು. ಬಾಣಂತನದ ಗಡಿಬಿಡಿಯಲ್ಲಿ ತಪ್ಪಿಹೋಗುವ ಪರೀಕ್ಷೆಗಳಲ್ಲಿ ಇದು ಮೊದಲನೆಯದು.

ಜೊತೆಗೆ ಇವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಿಂಗಳು ತುಂಬುವ ಮುಂಚೆಯೇ ಹೆರಿಗೆ ಆಗಿತ್ತೇ, ಪಿಸಿಓಡಿ (ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗುವುದು) ಇದೆಯೇ, ಮುಟ್ಟು 45ಕ್ಕೂ ಮೊದಲೇ ನಿಂತಿತೇ, ಸಂಧಿವಾತ ಅಥವಾ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದೆಯೇ, ಸ್ತನ ಕ್ಯಾನ್ಸರಿಗೆ ಕೀಮೋ ಅಥವಾ ರೇಡಿಯೇಶನ್ ಆಗಿದೆಯೇ, ಒಡಹುಟ್ಟಿದ ಗಂಡಸರಿಗೆ ಅಥವಾ ಅಪ್ಪನಿಗೆ 55ರೊಳಗೆ, ಅಮ್ಮನಿಗೆ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತ ಆಗಿತ್ತೇ. ಗರ್ಭಕೋಶ ತೆಗೆಸಿಕೊಂಡವರು ಡಿಸ್ಚಾರ್ಜ್ ಕಾಗದದಲ್ಲಿ ಅಂಡಾಶಯವನ್ನೂ ತೆಗೆದಿದ್ದಾರೆಯೇ ಅಂತ ಯಾರ ಹತ್ತಿರವಾದರೂ ಓದಿಸಿ. ಚಿಕ್ಕ ವಯಸ್ಸಿನಲ್ಲೇ ಎರಡೂ ಅಂಡಾಶಯ ತೆಗೆದಿದ್ದರೆ ಹಾರ್ಮೋನಿನ ರಕ್ಷಣೆ ಅಂದೇ ನಿಂತುಹೋಗಿದೆ ಎಂದರ್ಥ.

ಈ ಪಟ್ಟಿಯನ್ನು ವೈದ್ಯರು ತಾವಾಗಿ ಕೇಳುತ್ತಾರೆ ಅಂತ ಕಾಯಬೇಡಿ. ಗದ್ದಲದ ಓಪಿಡಿಯಲ್ಲಿ ಐವತ್ತು ದಾಟಿದ ಹೆಂಗಸಿನ ಬಸುರಿನ ಬಿಪಿಯನ್ನು ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ನೀವೇ ನೋಟ್‌ಬುಕ್ಕು ಮುಂದೆ ಹಿಡಿಯಿರಿ.

2. ಅಳತೆಗಳು

ಬಿಪಿ ನೋಡುವಾಗ ಆಗುವ ತಪ್ಪುಗಳೇ ಹೆಚ್ಚು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ. ಕಾಫಿ, ಚಹಾ, ಕವಳ (ಎಲೆ-ಅಡಿಕೆ) ಯಾವುದೇ ಇರಲಿ, ಅರ್ಧ ಗಂಟೆ ಮುಂಚೆಯೇ ನಿಲ್ಲಿಸಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ತಾಗುವಂತೆ 5 ನಿಮಿಷ ಸುಮ್ಮನೆ ಕೂರಿ; ಚಕ್ಕಳಬಕ್ಕಳ ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಬಿಗಿಯಾದ ರವಿಕೆಯ ತೋಳನ್ನು ಮೇಲಕ್ಕೆ ಸುರುಳಿ ಮಾಡಿದರೆ ಅದೇ ರಕ್ತನಾಳವನ್ನು ಅದುಮಿ ಅಳತೆ ಕೆಡಿಸುತ್ತದೆ. ಸಡಿಲ ನೈಟಿಯೋ ತೋಳಿಲ್ಲದ ಉಡುಪೋ ಹಾಕಿಕೊಂಡು ಬರಿ ತೋಳಿಗೆ ಪಟ್ಟಿ ಕಟ್ಟಿ. ಮೆಷಿನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ತೋಳು ಅದಕ್ಕಿಂತ ದಪ್ಪ ಇದ್ದರೆ ದೊಡ್ಡ ಪಟ್ಟಿ ಬೇಕು, ಇಲ್ಲದಿದ್ದರೆ ಇಲ್ಲದ ಬಿಪಿ ತೋರಿಸುತ್ತದೆ. ಅಳೆಯುವಾಗ ಮಾತಾಡಬಾರದು.

ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಹೀಗೆ ಬೆಳಿಗ್ಗೆ-ಸಂಜೆ 7 ದಿನ ಮಾಡಿ, ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಅಳತೆಯಲ್ಲಿ ಸರಾಸರಿ 135/85 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಆಸ್ಪತ್ರೆಯಲ್ಲಿ ಅಳೆದಾಗ ಆ ಗೆರೆ 140/90. 180/120 ದಾಟಿ, ಜೊತೆಗೆ ಎದೆನೋವು, ಉಸಿರು ಕಟ್ಟುವುದು, ಕಣ್ಣು ಮಂಜು, ಮಾತು ತೊದಲುವುದು ಇದ್ದರೆ ಆಗಲೇ ಹೊರಡಬೇಕು.

ಸೊಂಟದ ಸುತ್ತಳತೆಯನ್ನು ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಳೆದರೆ ತಪ್ಪು ಬರುತ್ತದೆ. ಪಕ್ಕೆಯ ಕೊನೆಯ ಎಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ ಗೆರೆ 80 ಸೆಂ.ಮೀ.

ವರ್ಷಕ್ಕೊಮ್ಮೆ ರಕ್ತ ಕೊಡಿ. ಖಾಲಿ ಹೊಟ್ಟೆಯ ಶುಗರ್ 126 ಮತ್ತು ಮೇಲಿದ್ದರೆ, ಅಥವಾ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಮತ್ತು ಮೇಲಿದ್ದರೆ ಅದು ಸಕ್ಕರೆ ಕಾಯಿಲೆ. 100ರಿಂದ 125 ಅಂದರೆ ಬಾಗಿಲಲ್ಲಿ ನಿಂತಿದೆ. ಕೊಲೆಸ್ಟ್ರಾಲ್ ಕಾಗದದಲ್ಲಿ ಎಚ್‌ಡಿಎಲ್ (ಒಳ್ಳೆಯ ಕೊಬ್ಬು) ಹೆಂಗಸರಿಗೆ 50ಕ್ಕಿಂತ ಮೇಲಿರಬೇಕು. ಗಂಡಸರ ಗೆರೆ 40. ಎಲ್‌ಡಿಎಲ್ (ಕೆಟ್ಟ ಕೊಬ್ಬು) ಎಷ್ಟಿರಬೇಕು ಅನ್ನುವುದು ನಿಮ್ಮ ಉಳಿದ ಅಪಾಯಗಳ ಮೇಲೆ ನಿಂತಿದೆ, ಅದನ್ನು ವೈದ್ಯರೇ ಹೇಳಲಿ. ಹಿಮೋಗ್ಲೋಬಿನ್ನನ್ನೂ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ಸುಸ್ತು, ಏದುಸಿರು ಎರಡೂ ಬರಬಹುದು. ಆದರೆ ರಕ್ತ ಕಮ್ಮಿ ಅಂತ ಗೊತ್ತಾದ ಮಾತ್ರಕ್ಕೆ ಹೃದಯವನ್ನು ನೋಡಿಸುವುದು ಬಿಡಬೇಡಿ, ಎರಡೂ ಒಟ್ಟಿಗೆ ಇರಬಹುದು.

30 ವರ್ಷ ದಾಟಿದವರ ಬಿಪಿ, ಶುಗರ್ ತಪಾಸಣೆ ಉಪಕೇಂದ್ರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಅಂತ ಹೇಳುತ್ತಾರೆ.

3. ಲಕ್ಷಣಗಳನ್ನು ನಿಮ್ಮ ದಿನಚರಿಯಲ್ಲಿ ಗುರುತಿಸಿ

ಹೆಂಗಸರಿಗೆ ಎದೆನೋವೇ ಬರುವುದಿಲ್ಲ ಅನ್ನುವ ಮಾತು ಈಚೆಗೆ ಹರಡಿದೆ. ಅದು ತಪ್ಪು. ಎದೆಯ ನೋವು, ಬಿಗಿತ, ಭಾರ ಹೆಂಗಸರಲ್ಲೂ ಅತಿ ಸಾಮಾನ್ಯ ಲಕ್ಷಣ. ಆದರೆ ಹೆಂಗಸರಲ್ಲಿ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೇ, ಬೇರೆ ಲಕ್ಷಣಗಳು ಬರುವುದು ಹೆಚ್ಚು: ದವಡೆ, ಕುತ್ತಿಗೆ, ಬೆನ್ನಿನ ಮೇಲ್ಭಾಗ, ಭುಜ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಏದುಸಿರು, ತಣ್ಣನೆಯ ಬೆವರು, ಹೊಟ್ಟೆ ತೊಳಸಿ ವಾಂತಿ, ಕಾರಣವಿಲ್ಲದ ವಿಪರೀತ ಸುಸ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಆಗಬಹುದು.

ಹೃದಯಾಘಾತಕ್ಕೆ ಮುಂಚೆ ವಾರಗಟ್ಟಲೆ ಸೂಚನೆ ಸಿಗುವುದೂ ಉಂಟು. ತೋಟದಿಂದ ಮನೆಗೆ ದಿಬ್ಬ ಹತ್ತುವ ದಾರಿ ನಿಮ್ಮ ದಿನದ ಪರೀಕ್ಷೆ ಅಂದುಕೊಳ್ಳಿ. ಹುಲ್ಲಿನ ಹೊರೆ ಹೊತ್ತು ಒಂದೇ ಉಸಿರಿಗೆ ಹತ್ತುತ್ತಿದ್ದವರು ಈ ತಿಂಗಳು ಎರಡು ಕಡೆ ಕೂರಬೇಕಾಗಿದೆಯೇ? ಹತ್ತುವಾಗ ಎದೆಯೋ ದವಡೆಯೋ ಹಿಡಿದಂತಾಗಿ, ಕೂತ ಕೆಲವೇ ನಿಮಿಷದಲ್ಲಿ ಬಿಟ್ಟುಹೋಗುತ್ತದೆಯೇ? ಇದಕ್ಕೆ ಆಂಜೈನಾ ಅನ್ನುತ್ತಾರೆ, ಅಂದರೆ ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದೆ ಬರುವ ನೋವು. ಕೂತರೆ ಹೋಗುತ್ತದಲ್ಲ ಅಂತ ಸುಮ್ಮನಾಗಬೇಡಿ. ಕೂತರೆ ಹೋಗುವುದೇ ಅದರ ಗುರುತು.

ಅಡಿಕೆ ಕೊಯ್ಲಿನ ಕಾಲದಲ್ಲಿ ಈ ಸೂಚನೆ ಮುಚ್ಚಿಹೋಗುತ್ತದೆ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರಿಗೆ ಬೆನ್ನು, ಭುಜ ನೋಯುವುದು ಸಹಜ, ಸುಸ್ತೂ ಸಹಜ. ವ್ಯತ್ಯಾಸ ಇಷ್ಟು: ಸ್ನಾಯುವಿನ ನೋವು ಆ ಕೈ ಆಡಿಸಿದರೆ, ಒತ್ತಿದರೆ ಹೆಚ್ಚುತ್ತದೆ. ಹೃದಯದ ನೋವು ಸಾಮಾನ್ಯವಾಗಿ ಒತ್ತಿದರೆ ಬದಲಾಗುವುದಿಲ್ಲ, ನಡೆದರೆ ಹೆಚ್ಚುತ್ತದೆ. ಇದು ಅಂದಾಜು ಮಾತ್ರ, ಆಸ್ಪತ್ರೆಗೆ ಹೋಗದಿರಲು ನೆಪ ಅಲ್ಲ. ಸೋಡಾ ಕುಡಿದು ತೇಗು ಬಂದು ಹಾಯೆನಿಸಿತು, ಗ್ಯಾಸ್ಟ್ರಿಕ್ ಮಾತ್ರೆಗೆ ಕಮ್ಮಿ ಆಯಿತು ಅನ್ನುವುದರಿಂದಲೂ ಏನೂ ಸಾಬೀತಾಗುವುದಿಲ್ಲ.

ಬಾಣಂತಿಯರ ವಿಷಯ ಬೇರೆಯೇ ಹೇಳಬೇಕು. ಬಸುರಿನ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳವರೆಗೆ ಕೆಲವರಿಗೆ ಹೃದಯದ ಸ್ನಾಯುವೇ ಸೋತು ದುರ್ಬಲವಾಗುತ್ತದೆ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು, ರಾತ್ರಿ ಕೆಮ್ಮು, ಎರಡೂ ಕಾಲು ಊದಿಕೊಳ್ಳುವುದು ಇದರ ಲಕ್ಷಣ. ಮನೆಯಲ್ಲಿ ಇದನ್ನು ಶೀತ, ಬಾಣಂತಿ ನೀರು ಅಂತ ತಿಳಿದು ಮೆಣಸಿನ ಕಷಾಯ ಕೊಡುತ್ತಾ ಕೂರುವುದುಂಟು. ಎರಡು ದಿಂಬು ಇಲ್ಲದೆ ಮಲಗಲಾರದ ಬಾಣಂತಿಯನ್ನು ಅಂದೇ ಕರೆದುಕೊಂಡು ಹೋಗಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಕೇಳಿ. ಬಸುರಿಯಲ್ಲಿ ಏದುಸಿರು ಹೆಚ್ಚಾದರೆ ಕವಾಟದ ಕಾಯಿಲೆಯೂ ಇರಬಹುದು. ಚಿಕ್ಕಂದಿನಲ್ಲಿ ಗಂಟಲು ನೋವಾಗಿ ಕೀಲೂದಿದ್ದ ಹುಡುಗಿಯರಲ್ಲಿ ಅದು ವರ್ಷಗಟ್ಟಲೆ ಸುಮ್ಮನಿದ್ದು ಬಸುರಿನ ಭಾರಕ್ಕೆ ಹೊರಬೀಳುತ್ತದೆ.

4. ರಾತ್ರಿಯ ಹಾಳೆ ಬರೆದು ಗೋಡೆಗೆ ಅಂಟಿಸಿ

ಹಗಲಿನಲ್ಲಿ, ಮಳೆ ಇಲ್ಲದಾಗ, ಮನೆಯವರೆಲ್ಲ ಕೂತು ಬರೆಯಬೇಕಾದ ಹಾಳೆ ಇದು. ದೊಡ್ಡ ಅಕ್ಷರದಲ್ಲಿ ಬರೆದು ಫೋನ್ ಚಾರ್ಜಿಗೆ ಇಡುವ ಜಾಗದಲ್ಲಿ ಅಂಟಿಸಿ.

*ಎಲ್ಲಿಗೆ ಹೋಗಬೇಕು.* ಗಾಡಿ ಹತ್ತಿದ ಮೇಲೆ ಮಣಿಪಾಲವೋ ಶಿವಮೊಗ್ಗವೋ ಅಂತ ವಾದ ಶುರುವಾಗಬಾರದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಸಾಗರದಿಂದ 70ರ ಆಸುಪಾಸು. ಆಗುಂಬೆ ಘಾಟಿಯೋ ಹುಲಿಕಲ್ ಘಾಟಿಯೋ ಮಳೆಗಾಲದ ರಾತ್ರಿ ಎಷ್ಟು ಹೊತ್ತು ತಿನ್ನುತ್ತದೆ ಅಂತ ನಿಮಗೇ ಗೊತ್ತು. ಸ್ಟೆಂಟ್ (ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕುವ ಆಸ್ಪತ್ರೆ ಒಂದು ಗಂಟೆಯೊಳಗೆ ಸಿಗುವಂತಿದ್ದರೆ ನೇರ ಅಲ್ಲಿಗೆ ಹೋಗಬಹುದು. ಇಲ್ಲವಾದರೆ ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಲ್ಲ ಹತ್ತಿರದ ಆಸ್ಪತ್ರೆಯೇ ಮೊದಲು. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ಹತ್ತಾರು ಸಾವಿರ ರೂಪಾಯಿಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಈ ಇಂಜೆಕ್ಷನ್ ಮೊದಲ 3 ಗಂಟೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, 12 ಗಂಟೆ ಮೀರಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆಯೇ, ರಾತ್ರಿ ಡ್ಯೂಟಿ ಡಾಕ್ಟರ್ ಇರುತ್ತಾರೆಯೇ, ಯಾವ ಬಾಗಿಲು ತೆರೆದಿರುತ್ತದೆ ಅಂತ ಒಮ್ಮೆ ಹಗಲಲ್ಲಿ ಹೋಗಿ ಕೇಳಿ ಬರೆದುಕೊಳ್ಳಿ.

*ದಾರಿ.* ಮಳೆಗಾಲದ ದಾರಿ ಒಂದು, ಬೇಸಿಗೆಯ ದಾರಿ ಒಂದು ಬರೆಯಿರಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಹಳೆಯ ಹಾಳೆಯನ್ನು ಬದಲಿಸಬೇಕು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯದೆ ರಾತ್ರಿಯೂ ಸಾಗರಕ್ಕೆ ಹೋಗಬಹುದು. ಕಾಲುಸಂಕ (ಹಳ್ಳದ ಮೇಲಿನ ಕಿರಿದಾದ ಕಾಲುಸೇತುವೆ) ದಾಟಬೇಕಾದ ಮನೆಗಳು, ಗಾಡಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಯವರೆಗೆ ಯಾರು ಹೊತ್ತು ತರುತ್ತಾರೆ ಅನ್ನುವುದನ್ನು ಹೆಸರು ಸಮೇತ ಬರೆಯಿರಿ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಮತ್ತು ನಾಲ್ಕು ಜನ ಇದ್ದರೆ ಸಾಕು. ಕಾಯಿಲೆಯವಳನ್ನು ನಡೆಸಬಾರದು.

*ಫೋನು.* 108, ತಾಲ್ಲೂಕು ಆಸ್ಪತ್ರೆಯ ಲ್ಯಾಂಡ್‌ಲೈನು, ರಾತ್ರಿ ಎದ್ದು ಬರುವ ಇಬ್ಬರು ಜೀಪಿನವರು ಅಥವಾ ಕಾರಿನವರು. ಸಿಗ್ನಲ್ ಇಲ್ಲದ ಊರಿನಲ್ಲಿ ಮನೆಗೆ ಫೈಬರ್ ಇದ್ದರೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಡಿ, ಹಾಳೆಯಲ್ಲಿರುವ ನಂಬರಿಗೆ ಅದರಿಂದ ಒಮ್ಮೆ ಮಾತಾಡಿ ನೋಡಿ. ಕರೆಂಟು ಹೋದರೆ ರೂಟರೂ ಹೋಗುತ್ತದೆ. ಅದಕ್ಕೊಂದು ಪುಟ್ಟ ಯುಪಿಎಸ್ ಹಾಕಿ. ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಓಡುವವರು ಯಾರು ಅಂತಲೂ ಬರೆದಿಡಿ.

*ಆಸ್ಪಿರಿನ್.* ನಿಮ್ಮನ್ನು ನೋಡುವ ವೈದ್ಯರನ್ನು ಈಗಲೇ ಕೇಳಿ: “ಎದೆನೋವು ಬಂದರೆ ಆಸ್ಪಿರಿನ್ 300 ಮಿ.ಗ್ರಾಂ. ಕೊಡಬಹುದೇ?” ಉತ್ತರವನ್ನು ಹಾಳೆಯ ಮೇಲೆ ‘ಕೊಡಬಹುದು’ ಅಥವಾ ‘ಕೊಡಬಾರದು’ ಅಂತ ಕೆಂಪಕ್ಷರದಲ್ಲಿ ಬರೆಯಿರಿ. ಆಸ್ಪಿರಿನ್ ಒಗ್ಗದವರಿಗೆ, ಹೊಟ್ಟೆಹುಣ್ಣಿನಿಂದ ರಕ್ತ ಹೋದವರಿಗೆ ಬೇಡ. ಡೆಂಗ್ಯೂ ಅಥವಾ ಮಂಗನ ಕಾಯಿಲೆ ಇರಬಹುದೆಂಬ ಜ್ವರ ಇದ್ದಾಗಲೂ ಬೇಡವೇ ಬೇಡ, ರಕ್ತಸ್ರಾವ ಹೆಚ್ಚುತ್ತದೆ.

*ಚೀಲ.* ಆಧಾರ್, ರೇಷನ್ ಕಾರ್ಡ್, ಈಗ ತಿನ್ನುತ್ತಿರುವ ಮಾತ್ರೆಗಳ ಚೀಟಿ, ಹಳೆಯ ಇಸಿಜಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಮಾಡಿಸಿದ್ದರೆ ಅದನ್ನೂ ಇಡಿ.

5. ಆ ಹೊತ್ತಿನಲ್ಲಿ

ಮೇಲೆ 3ನೇ ಭಾಗದಲ್ಲಿ ಹೇಳಿದ ಲಕ್ಷಣಗಳು ಬಂದು, ಕೂತು 5 ನಿಮಿಷವಾದರೂ ಇಳಿಯದಿದ್ದರೆ ಹೊರಡುವ ಹೊತ್ತಾಯಿತು. ಒಲೆ ಆರಿಸುವುದು, ಹಾಲು ಕರೆಯುವುದು, ಸೀರೆ ಬದಲಿಸುವುದು, ಯಾವುದಕ್ಕೂ ನಿಲ್ಲಬೇಡಿ. ಮುಟ್ಟಾಗಿದೆ ಅನ್ನುವುದೂ ಅಡ್ಡಿಯಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೂ ಅದು ತಡೆಯಲ್ಲ.

ಅವಳನ್ನು ಒರಗಿ ಕೂರಿಸಿ, ರವಿಕೆ ಸಡಿಲಿಸಿ. 108ಕ್ಕೆ ಮಾತಾಡುವವರು ತಾಲ್ಲೂಕು, ಪಂಚಾಯ್ತಿ, ಊರು, ಗುರುತಿನ ಜಾಗ, ಈ ಕ್ರಮದಲ್ಲಿ ಹೇಳಿ. ‘ಎದೆನೋವು’ ಅನ್ನುವ ಪದ ಮೊದಲ ವಾಕ್ಯದಲ್ಲೇ ಬರಲಿ. ಸುಸ್ತು, ಗ್ಯಾಸು ಅಂತ ಶುರುಮಾಡಬೇಡಿ. ಆಂಬುಲೆನ್ಸ್ ಬರಲು ತಡವಾಗುತ್ತದೆ ಅಂದರೆ ಜೀಪು ಕರೆಸಿ. ಟಾರ್ಚ್ ಹಿಡಿದ ಒಬ್ಬರು ಕ್ರಾಸಿನಲ್ಲಿ ನಿಲ್ಲಲಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಕೈಮೀರುತ್ತದೆ.

ಹಾಳೆಯಲ್ಲಿ ‘ಕೊಡಬಹುದು’ ಅಂತ ಇದ್ದರೆ ಆಸ್ಪಿರಿನ್ 300 ಮಿ.ಗ್ರಾಂ., ಅಂದರೆ 75ರ ಮಾತ್ರೆಯಾದರೆ 4, ಚೆನ್ನಾಗಿ ಅಗಿದು ನುಂಗಬೇಕು. ಇಡಿಯಾಗಿ ನುಂಗಿದರೆ ಕೆಲಸ ತಡವಾಗುತ್ತದೆ. ಮಾತು ತೊದಲುವುದು, ಒಂದು ಕಡೆ ಕೈಕಾಲು ಬಿದ್ದುಹೋಗುವುದು ಇದ್ದರೆ ಅದು ಪಾರ್ಶ್ವವಾಯು ಇರಬಹುದು, ಆಗ ಆಸ್ಪಿರಿನ್ ಬೇಡ. ಪಕ್ಕದ ಮನೆಯವರು ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯನ್ನು ತಂದು ಇಡುವುದು ದೊಡ್ಡ ತಪ್ಪು. ಬಿಪಿ ಮೊದಲೇ ಇಳಿದಿದ್ದರೆ ಅದು ಇನ್ನೂ ಕೆಡವುತ್ತದೆ.

ಪ್ರಜ್ಞೆ ತಪ್ಪಿ ಉಸಿರು ನಿಂತರೆ, ಅಥವಾ ಗೊರಕೆಯಂಥ ತೇಕು ಮಾತ್ರ ಇದ್ದರೆ, ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುಮೂಳೆಯ ಕೆಳಭಾಗದಲ್ಲಿ ಎರಡೂ ಕೈ ಒಂದರ ಮೇಲೊಂದಿಟ್ಟು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ಕರಿಮಣಿ ಸರವನ್ನು ಪಕ್ಕಕ್ಕೆ ಸರಿಸಿದರೆ ಸಾಕು, ಸೀರೆ ಬಿಚ್ಚಬೇಕಿಲ್ಲ. ಹೆಂಗಸಿನ ಎದೆ ಮುಟ್ಟುವುದು ಹೇಗೆ ಅಂತ ಗಂಡಸರು ಹಿಂಜರಿಯುತ್ತಾರೆ. ಆ ಹಿಂಜರಿಕೆಯಲ್ಲೇ ಜೀವ ಹೋಗುತ್ತದೆ. ಅತ್ತಿಗೆಯಾಗಲಿ, ಅತ್ತೆಯಾಗಲಿ, ಕೂಲಿಗೆ ಬಂದವರಾಗಲಿ, ಒತ್ತಿ.

6. ಆಸ್ಪತ್ರೆಯಲ್ಲಿ ಕೇಳಬೇಕಾದದ್ದು

ಬಾಗಿಲಲ್ಲೇ “ಎದೆನೋವು, ಇಷ್ಟು ಗಂಟೆಗೆ ಶುರುವಾಯಿತು, ಇಸಿಜಿ ಬೇಕು” ಅನ್ನಿ. ಬಂದ 10 ನಿಮಿಷದಲ್ಲಿ ಇಸಿಜಿ ಆಗಬೇಕು ಅನ್ನುವುದು ವೈದ್ಯರೇ ಒಪ್ಪಿದ ನಿಯಮ. ಎದೆಯ ಮೇಲಿನ ತಂತಿಗಳಲ್ಲಿ ಕೆಲವು ಸ್ತನದ ಕೆಳಗೆ, ಎಲ್ಲವೂ ಚರ್ಮಕ್ಕೆ ತಾಗುವಂತೆ ಕೂರಬೇಕು. ಸಂಕೋಚದಿಂದ ಬಟ್ಟೆಯ ಸಂದಿಯಲ್ಲಿ ಅಂಟಿಸಿದರೆ ಓದು ಕೆಡುತ್ತದೆ. ಪರದೆ ಹಾಕಿ, ನರ್ಸಮ್ಮನನ್ನು ಕರೆಯಿರಿ ಅಂತ ಕೇಳುವುದು ನಿಮ್ಮ ಹಕ್ಕು.

ಮೊದಲ ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ಮನೆಗೆ ಹೊರಡಬೇಡಿ. ನೋವು ಇನ್ನೂ ಇದ್ದರೆ 15ರಿಂದ 30 ನಿಮಿಷಕ್ಕೆ ಮತ್ತೊಂದು ತೆಗೆಯಲು ಹೇಳಿ. ಟ್ರೋಪೋನಿನ್ ಪರೀಕ್ಷೆಯನ್ನೂ ಕೇಳಿ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನು ಅದು. ಏರಲು ಕೆಲವು ಗಂಟೆ ಬೇಕಾದ್ದರಿಂದ ಎರಡನೇ ಸಲವೂ ನೋಡಬೇಕಾಗುತ್ತದೆ. ಬಸುರಿ, ಬಾಣಂತಿ, ಈಚೆಗೆ ಸಿಸೇರಿಯನ್ ಅಥವಾ ಬೇರೆ ಆಪರೇಷನ್ ಆದವರು ಅದನ್ನು ಇಂಜೆಕ್ಷನ್ನಿಗೆ ಮುಂಚೆಯೇ ಹೇಳಲೇಬೇಕು. ಇಂಜೆಕ್ಷನ್ ಆದ ಮೇಲೆ ಕೆಲಸ ಮುಗಿಯಲಿಲ್ಲ. ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಂ (ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯೇ ಅಂತ ನೋಡುವ ಪರೀಕ್ಷೆ) ಇರುವ ಕಡೆಗೆ ಹೋಗಬೇಕು.

ಆಂಜಿಯೋಗ್ರಾಂನಲ್ಲಿ ದೊಡ್ಡ ಬ್ಲಾಕ್ ಇಲ್ಲ ಅಂದರೂ ನೋವು ಮುಂದುವರಿದರೆ “ಮನಸ್ಸಿನದು” ಅಂತ ಕೈಬಿಡಬೇಡಿ. ಅತಿ ಸಣ್ಣ ರಕ್ತನಾಳಗಳು ಬಿಗಿಯುವ ಕಾಯಿಲೆ ಹೆಂಗಸರಲ್ಲಿ ಹೆಚ್ಚು. ಹೃದಯದ ರಕ್ತನಾಳದ ಒಳಗೋಡೆ ತಾನಾಗಿ ಸೀಳುವ ಕಾಯಿಲೆ ಬಾಣಂತಿಯರಲ್ಲೂ ಬರುತ್ತದೆ. ಅವಕ್ಕೂ ಚಿಕಿತ್ಸೆ ಇದೆ.

7. ಅಡುಗೆಮನೆ, ಬಚ್ಚಲ ಒಲೆ, ಕವಳ

ಉಪ್ಪನ್ನು ಚಮಚದಲ್ಲಿ ಅಳೆದು ಅಡುಗೆ ಮಾಡುವವರು ಯಾರೂ ಇಲ್ಲ, ಪ್ಯಾಕೆಟ್ಟಿನಲ್ಲಿ ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ. ನಾಲ್ಕು ಜನರ ಮನೆಗೆ 20 ಗ್ರಾಂ. ಅಂದರೆ ಒಂದು ಕಿಲೋ 50 ದಿನ ಬರಬೇಕು. ಪ್ಯಾಕೆಟ್ಟಿನ ಮೇಲೆ ಒಡೆದ ತಾರೀಖು ಬರೆದಿಡಿ, ತಿಂಗಳಿಗೇ ಖಾಲಿಯಾದರೆ ಗೊತ್ತಾಗುತ್ತದೆ. ಅಪ್ಪೆಮಿಡಿಗೆ, ಉಪ್ಪಿನ ನೀರಲ್ಲಿ ಹಾಕಿಟ್ಟ ಹಲಸಿನ ಸೊಳೆಗೆ, ಹಪ್ಪಳಕ್ಕೆ, ಬಾಳಕಕ್ಕೆ ಹೋದ ಕಲ್ಲುಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ. ಒಣಮೀನು ತಿನ್ನುವವರು ಅದನ್ನೂ ಸೇರಿಸಿ. ಊಟಕ್ಕೆ ಮಿಡಿ, ಹಪ್ಪಳ ಎರಡರಲ್ಲಿ ಒಂದೇ ಇರಲಿ. ಕಡಿಮೆ ಸೋಡಿಯಂ ಉಪ್ಪು ಕೊಳ್ಳುವ ಮುಂಚೆ ವೈದ್ಯರನ್ನು ಕೇಳಿ, ಕಿಡ್ನಿ ತೊಂದರೆ ಇದ್ದವರಿಗೆ ಅದು ಆಗದು.

ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್. ಕರಿದ ಎಣ್ಣೆಯನ್ನು ಮತ್ತೆ ಕಾಯಿಸಬೇಡಿ.

ಹೊಗೆಯೂ ರಕ್ತನಾಳ ಕೆಡಿಸುತ್ತದೆ. ಗ್ಯಾಸ್ ಬಂದ ಮನೆಯಲ್ಲೂ ಹಂಡೆ ಒಲೆ ಉಳಿದಿದೆ, ಅದನ್ನು ಊದುವವರು ಹೆಂಗಸರೇ. ಮಳೆಗಾಲಕ್ಕೆ ಮುಂಚೆ ಸೌದೆ ಒಣಗಿಸಿ ಕೊಟ್ಟಿಗೆಗೆ ಸೇರಿಸುವುದು, ಬಚ್ಚಲಿಗೆ ಚಿಮಣಿ ಹಾಕಿ ವರ್ಷಕ್ಕೊಮ್ಮೆ ಮಸಿ ತೆಗೆಯುವುದು, ಇಷ್ಟರಿಂದಲೇ ಹೊಗೆ ಎಷ್ಟೋ ಕಮ್ಮಿ ಆಗುತ್ತದೆ. ಕವಳದಲ್ಲಿ ಹೊಗೆಸೊಪ್ಪು ಇದ್ದರೆ ಅದು ಬೀಡಿಯಂತೆಯೇ ತಂಬಾಕು. ಮೊದಲು ಅದನ್ನು ಬಿಡಿ.

ಮೆಡಿಕಲ್ ಶಾಪಿನಿಂದ ತಂದು ನುಂಗುವ ಸೊಂಟನೋವಿನ, ಮಂಡಿನೋವಿನ ಮಾತ್ರೆಗಳನ್ನು (ಡೈಕ್ಲೋಫೆನಾಕ್‌ನಂಥವು) ಯಾರೂ ಮಾತ್ರೆ ಅಂತಲೇ ಎಣಿಸುವುದಿಲ್ಲ. ಅವು ಬಿಪಿ ಏರಿಸುತ್ತವೆ, ದಿನವೂ ತಿಂದರೆ ಹೃದಯಾಘಾತದ ಸಂಭವ ಹೆಚ್ಚಿಸುತ್ತವೆ. ವೈದ್ಯರಿಗೆ ತೋರಿಸುವ ಪಟ್ಟಿಯಲ್ಲಿ ಅವೂ ಇರಲಿ.

8. ಆಸ್ಪತ್ರೆಯಿಂದ ಬಂದ ಮೇಲೆ

ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಇವನ್ನು ಏಕಾದಶಿಗಾಗಲಿ, ಹಲ್ಲು ಕೀಳಿಸಲಾಗಲಿ, ಹುಷಾರಾದೆ ಅಂತಲಾಗಲಿ ನೀವಾಗಿ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಕೊಳ್ಳಬಹುದು. ಈ ಮಾತ್ರೆಗಳಿಂದ ಮುಟ್ಟಿನ ಸ್ರಾವ ಹೆಚ್ಚಾಗುವುದುಂಟು. ಎಷ್ಟೋ ಹೆಂಗಸರು ಅದನ್ನು ಹೇಳಿಕೊಳ್ಳಲಾಗದೆ ಮಾತ್ರೆಯನ್ನೇ ಬಿಡುತ್ತಾರೆ. ದಯವಿಟ್ಟು ಹೇಳಿ, ಅದಕ್ಕೆ ದಾರಿ ಇದೆ. ಮತ್ತೆ ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ತಿಳಿಸಿ. ಕೊಲೆಸ್ಟ್ರಾಲಿನ ಮಾತ್ರೆ, ಬಿಪಿಯ ಕೆಲವು ಮಾತ್ರೆ ಬಸುರಿನಲ್ಲಿ ಬದಲಾಗಬೇಕು.

ಬಂದ ಮರುದಿನದಿಂದಲೇ ಕೊಡ ಎತ್ತುವುದು, ಸಗಣಿ ಬಾಚುವುದು ಬೇಡ. ಯಾವ ಕೆಲಸ ಯಾವ ವಾರದಿಂದ ಅಂತ ಡಿಸ್ಚಾರ್ಜ್ ದಿನ ಬರೆಸಿಕೊಂಡು ಬನ್ನಿ, ಆ ಚೀಟಿಯನ್ನು ಮನೆಯವರೆಲ್ಲರೂ ಓದಲಿ.

9. ಸಂಘದಲ್ಲಿ ಒಂದು ಮಧ್ಯಾಹ್ನ

ಸ್ತ್ರೀಶಕ್ತಿ ಸಂಘದ ವಾರದ ಸಭೆ ಇದಕ್ಕೆ ಒಳ್ಳೆಯ ಜಾಗ. ನಾಟಿ ಮುಗಿದು ಕೊಯ್ಲು ಶುರುವಾಗುವ ಮುಂಚಿನ ಸೆಪ್ಟೆಂಬರಿನಲ್ಲಿ ಬಿಡುವು ಸಿಗುತ್ತದೆ. 29ನೇ ತಾರೀಖು ವಿಶ್ವ ಹೃದಯ ದಿನವೂ ಹೌದು. ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಮಂದಿರದ ಸಿಬ್ಬಂದಿಗೆ ಎರಡು ವಾರ ಮುಂಚೆ ಹೇಳಿ. 20 ಜನರಿಗೆ ಒಂದು ಮೆಷಿನ್ ಇದ್ದರೆ ಸುಮಾರು ಒಂದೂವರೆ ಗಂಟೆ ಬೇಕು. ಐದೈದು ಜನರನ್ನು ಒಟ್ಟಿಗೆ 5 ನಿಮಿಷ ಸುಮ್ಮನೆ ಕೂರಿಸಿ, ಆಮೇಲೆ ಒಬ್ಬೊಬ್ಬರನ್ನು ಕರೆಯಿರಿ.

ಅಂಕಿಯನ್ನು ಎಲ್ಲರೆದುರು ಕೂಗಬೇಡಿ. ಮುಂದಿನ ಸಲ ಅವರು ಬರುವುದಿಲ್ಲ. ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ. ಸುತ್ತಳತೆಯನ್ನು ಬೇರೆ ಕೋಣೆಯಲ್ಲಿ ಅಳೆಯಿರಿ. ತಾಯಿ ಕಾರ್ಡು ತನ್ನಿ ಅಂತ ಹಿಂದಿನ ವಾರವೇ ಹೇಳಿರಿ. ಲಕ್ಷಣಗಳನ್ನು ಉಪನ್ಯಾಸ ಮಾಡುವುದಕ್ಕಿಂತ ಇಬ್ಬಿಬ್ಬರನ್ನು ಜೋಡಿ ಮಾಡಿ 108ಕ್ಕೆ ಏನು ಹೇಳಬೇಕು ಅಂತ ಬಾಯಿಬಿಟ್ಟು ಹೇಳಿಸಿ. ತಮ್ಮ ಮನೆಯ ಗುರುತನ್ನು ಮೂರು ವಾಕ್ಯದಲ್ಲಿ ಹೇಳಲು ಎಷ್ಟು ತಡಕಾಡುತ್ತಾರೆ ಅನ್ನುವುದು ಅಲ್ಲೇ ತಿಳಿಯುತ್ತದೆ.

140/90 ದಾಟಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಆಶಾ ಕಾರ್ಯಕರ್ತೆಗೆ ಕೊಡಿ, ಎರಡು ವಾರದೊಳಗೆ ಆಸ್ಪತ್ರೆಗೆ ಹೋದರೇ ಅಂತ ವಿಚಾರಿಸಲಿ. ಬಸ್ಸು ಒಂದೇ ಇರುವ ಊರಾದರೆ ಮೂರು ನಾಲ್ಕು ಜನ ಸೇರಿ ಒಂದೇ ದಿನ ಹೋಗಲಿ, ಒಬ್ಬಳೇ ಹೋಗಬೇಕು ಅನ್ನುವ ಕಾರಣಕ್ಕೆ ತಪ್ಪುವುದು ನಿಲ್ಲುತ್ತದೆ. ಸಭೆಗೆ ಬರುವವರು ಹೇಗೂ ಓಡಾಡುವವರು. ಮನೆಯಿಂದ ಹೊರಬೀಳದ ಅತ್ತೆಯಂದಿರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವ ಸೊಸೆಯಂದಿರು, ಹಸಿ ಬಾಣಂತಿಯರು ಬಂದಿರುವುದಿಲ್ಲ. ಅವರ ಪಟ್ಟಿಯನ್ನು ಅಂದೇ ಬರೆದು, ಮರುದಿನ ಮೆಷಿನ್ನನ್ನು ಅವರ ಮನೆಗೇ ತೆಗೆದುಕೊಂಡು ಹೋಗಿ.